ಎಲ್ಲ ರೋಗಿಗಳೂ ನಿಮಿಷಕ್ಕೆ 20 ಸಲವೇ ಉಸಿರಾಡುತ್ತಾರೆಯೇ?

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ವೈದ್ಯಕೀಯ ಶಿಕ್ಷಣ ಇಲಾಖೆ ಹಾಗೂ ರಾಜ್ಯದ ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಯಾವುದಾದರೊಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿಗೆ ಹೋಗಿ ಹತ್ತು ಕೇಸ್ ಶೀಟ್ ತೆಗೆಸಿ ನೋಡಿ. ಅಡ್ಮಿಷನ್ ಹೊತ್ತಿನಲ್ಲಿ ಬರೆದ ಉಸಿರಾಟದ ಲೆಕ್ಕ ಹೆಚ್ಚಿನವುಗಳಲ್ಲಿ 20 ಇರುತ್ತದೆ, ಇಲ್ಲದಿದ್ದರೆ 18. ನ್ಯುಮೋನಿಯಾ ಆದ ಅಜ್ಜನಿಗೂ 20, ಹರ್ನಿಯಾ ಆಪರೇಷನ್‌ಗೆಂದು ನಡೆದುಕೊಂಡೇ ಬಂದ ಹುಡುಗನಿಗೂ 20. ಬಿಪಿಯ ಕಾಲಂ ನೋಡಿದರೆ 120/80, 130/80, 140/90. 126 ಅಥವಾ 134 ಕಂಡರೆ, ಪರವಾಗಿಲ್ಲ, ಇಲ್ಲಿ ಯಾರೋ ನಿಜವಾಗಿ ಅಳೆದಿದ್ದಾರೆ ಅನ್ನಬಹುದು. ಇದು ಕರ್ನಾಟಕದ ರೋಗವಲ್ಲ, ಜಗತ್ತಿನ ಬಹಳ ಆಸ್ಪತ್ರೆಗಳಲ್ಲಿ ಇರುವುದೇ. ಆದರೆ ನಮ್ಮಲ್ಲಿ ಇದಕ್ಕೆ ನಮ್ಮವೇ ಕಾರಣಗಳಿವೆ. ಅವನ್ನು ತೆಗೆಯುವ ಅಧಿಕಾರ ನಿಮ್ಮ ಕೈಯಲ್ಲಿದೆ.

ರೋಗಿ ವಾರ್ಡಿಗೆ ಬಂದ ಮೊದಲ ಇಪ್ಪತ್ತು ನಿಮಿಷ ಶುಶ್ರೂಷಾಧಿಕಾರಿ (ನರ್ಸ್) ಮಾಡುವ ಮಾತುಕತೆ ಮತ್ತು ತಪಾಸಣೆಯನ್ನು ಒಂದು ಕೆಲಸವೆಂದು ಎಣಿಸಿ, ಅದಕ್ಕೆ ಹೊತ್ತು, ಜಾಗ, ಉಪಕರಣ ಮತ್ತು ಕನ್ನಡದ ನಮೂನೆ ಕೊಡಿ. ವಾರ್ಡುಗಳ ಶುಶ್ರೂಷಾಧಿಕಾರಿಗಳು ಮತ್ತು ನರ್ಸಿಂಗ್ ಬೋಧಕರಾದ ನಮ್ಮ ಬೇಡಿಕೆ ಇಷ್ಟೇ. ಈಗ ಅದು ಕೆಲಸವಲ್ಲ, ಕೆಲಸದ ನಡುವೆ ತುಂಬಿಸಬೇಕಾದ ಒಂದು ಹಾಳೆ.

ಉಸಿರಿನಿಂದಲೇ ಶುರು ಮಾಡೋಣ. ದೇಹ ಹದಗೆಡುವಾಗ ಮೊದಲು ಬದಲಾಗುವ ಅಂಕಿಗಳಲ್ಲಿ ಇದು ಮುಖ್ಯ. ಸೋಂಕು ರಕ್ತಕ್ಕೆ ಇಳಿದಾಗ, ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲವಾದಾಗ, ಒಳಗೆಲ್ಲೋ ರಕ್ತ ಸೋರುತ್ತಿರುವಾಗ ಬಿಪಿ ಇನ್ನೂ ಸರಿಯಾಗಿಯೇ ಇದ್ದರೂ ಉಸಿರು 24, 28 ಎಂದು ಏರುತ್ತಿರುತ್ತದೆ. ಉಸಿರು, ನಾಡಿ, ಬಿಪಿ ಮುಂತಾದ ಒಂದೊಂದು ಅಂಶಕ್ಕೂ ಅಂಕ ಕೊಟ್ಟು ರೋಗಿಯ ಅಪಾಯ ಅಳೆಯಲು ಬ್ರಿಟನ್ನಿನಲ್ಲಿ ಬಳಸುವ ನ್ಯೂಸ್-2 ಅಂಕಪಟ್ಟಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ, 21ರಿಂದ 24ಕ್ಕೆ 2, 25 ಅಥವಾ ಮೇಲಕ್ಕೆ 3 ಅಂಕ. ಒಂದೇ ಅಂಶಕ್ಕೆ 3 ಬಂದರೂ ವೈದ್ಯರನ್ನು ಕರೆಸಿ ನೋಡಿಸಬೇಕು. ಒಟ್ಟು 5 ಆದರೆ ತುರ್ತು, 7 ಆದರೆ ಅತಿ ತುರ್ತು. ಹಾಗಿರುವಾಗ ಎಣಿಸದೆ ಬರೆದ 20 ಎಂದರೆ ಸುಮ್ಮನೆ ಒಂದು ತಪ್ಪಲ್ಲ. ಎಚ್ಚರಿಕೆಯ ಗಂಟೆಯ ನಾಲಿಗೆಯನ್ನೇ ಕಿತ್ತಿಟ್ಟ ಹಾಗೆ.

ಎಣಿಸುವ ಕ್ರಮ ಎಲ್ಲರಿಗೂ ಗೊತ್ತು, ಪರೀಕ್ಷೆಯಲ್ಲಿ ಎಲ್ಲರೂ ಬರೆದಿರುತ್ತಾರೆ. ಮಣಿಕಟ್ಟು ಹಿಡಿದು ನಾಡಿ ಎಣಿಸಿ, ಕೈ ಬಿಡದೆ, ರೋಗಿಗೆ ಹೇಳದೆ, ಎದೆ ಅಥವಾ ಹೊಟ್ಟೆ ಏರುವುದನ್ನು ಪೂರ್ತಿ 60 ಸೆಕೆಂಡು ಎಣಿಸಬೇಕು. ಹೇಳಿದರೆ ರೋಗಿ ಉಸಿರಾಟ ಬದಲಿಸುತ್ತಾರೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದ್ದಕ್ಕೆ ನಾಲ್ಕು ತಪ್ಪುತ್ತದೆ, 24 ಇದ್ದದ್ದು 20 ಆಗಿಬಿಡುತ್ತದೆ. ಸೀರೆ, ಕಂಬಳಿ ಹೊದ್ದವರಲ್ಲಿ ಏರಿಳಿತ ಕಾಣದಿದ್ದರೆ ರೋಗಿಯ ಕೈಯನ್ನೇ ಅವರ ಹೊಟ್ಟೆಯ ಮೇಲಿಟ್ಟು ನೋಡಬೇಕು. ಇಷ್ಟಕ್ಕೆ ಬೇಕಾದದ್ದು ಸೆಕೆಂಡಿನ ಮುಳ್ಳಿರುವ ಗಡಿಯಾರ ಮತ್ತು ಯಾರೂ ಕೂಗದ ಎರಡು ನಿಮಿಷ. ವಾರ್ಡಿನ ಗೋಡೆ ಗಡಿಯಾರದ ಸೆಲ್ ಹೋಗಿ ಎಷ್ಟು ತಿಂಗಳಾಯಿತೋ! ಎರಡು ನಿಮಿಷವಂತೂ ಕನಸಿನ ಮಾತು.

ಹೊತ್ತಿನ ಲೆಕ್ಕವನ್ನು ಬಿಡಿಸಿ ಹೇಳುತ್ತೇವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬರು, ಬೋಧಕ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಇರಬೇಕೆನ್ನುತ್ತದೆ. ರಾತ್ರಿ ಪಾಳಿಯಲ್ಲಿ ನಲವತ್ತು ಹಾಸಿಗೆಗೆ ಒಬ್ಬರೋ ಇಬ್ಬರೋ ಇರುವ ವಾರ್ಡು ಯಾವುದು ಎಂದು ನಿಮಗೆ ನಾವು ಹೇಳಬೇಕಿಲ್ಲ. ಆ ರಾತ್ರಿ ಆರು ಅಡ್ಮಿಷನ್ ಬಂದರೆ ತಲಾ 20 ನಿಮಿಷದಂತೆ ಎರಡು ಗಂಟೆ. ಅದರ ನಡುವೆಯೇ ಹತ್ತು ಗಂಟೆಯ ಇಂಜೆಕ್ಷನ್, ಡ್ರಿಪ್, ಲ್ಯಾಬಿಗೆ ಸ್ಯಾಂಪಲ್. ಏನನ್ನಾದರೂ ಬಿಡಲೇಬೇಕು. ಕಣ್ಣಿಗೆ ಕಾಣದ ಕೆಲಸವೇ ಮೊದಲು ಬಿಟ್ಟುಹೋಗುತ್ತದೆ. ಇಂಜೆಕ್ಷನ್ ಕೊಡದಿದ್ದರೆ ಬೆಳಿಗ್ಗೆ ರೌಂಡ್ಸಿನಲ್ಲಿ ಕೇಳುತ್ತಾರೆ, ಉಸಿರು ಎಣಿಸಿದಿರಾ ಎಂದು ಯಾರೂ ಕೇಳುವುದಿಲ್ಲ.

ಹುದ್ದೆ ಭರ್ತಿಯಾಗುವವರೆಗೆ ಕಾಯುತ್ತ ಕೂರಬೇಕಿಲ್ಲ. ತಪಾಸಣೆಯನ್ನು ಎರಡು ಕಂತಾಗಿ ಒಡೆಯಿರಿ. ಮೊದಲ ಐದಾರು ನಿಮಿಷದ್ದು ಯಾವ ಕಾರಣಕ್ಕೂ ಬಿಡುವಂತಿಲ್ಲ: ಎಚ್ಚರ ಇದೆಯೇ, ಉಸಿರು, ನಾಡಿ, ಬಿಪಿ, ಜ್ವರ, ಆಮ್ಲಜನಕದ ಮಟ್ಟ, ಸಕ್ಕರೆ ಕಾಯಿಲೆಯವರಿಗೆ ಬೆರಳಿನ ಶುಗರ್, ಔಷಧಿಯ ಅಲರ್ಜಿ, ಕೊನೆಯ ಬಾರಿ ತೆಗೆದುಕೊಂಡ ಮಾತ್ರೆ. ಚರ್ಮ, ಪಾದ, ಊಟ, ನಿದ್ದೆ, ಮನೆಯ ಪರಿಸ್ಥಿತಿ ಮುಂತಾದದ್ದನ್ನು ಆ ಪಾಳಿ ಮುಗಿಯುವುದರೊಳಗೆ ಅಥವಾ ಮುಂದಿನ ಪಾಳಿಯವರು ಮಾಡಲಿ, ಮಾಡಿದವರ ಸಹಿ ಮತ್ತು ಗಂಟೆ ಇರಲಿ. ಈಗಿನಂತೆ ನಾಲ್ಕು ಪುಟ ಒಟ್ಟಿಗೆ ತುಂಬಬೇಕೆಂದರೆ ನಾಲ್ಕು ಪುಟವೂ ಮೇಜಿನ ಹಿಂದೆ ಕೂತು ತುಂಬಿದ್ದೇ ಆಗುತ್ತದೆ.

ಇನ್ನು ಮಾತುಕತೆ. ನಮ್ಮ ನಮೂನೆಗಳು ಬಹುಪಾಲು ಇಂಗ್ಲಿಷಿನಲ್ಲಿವೆ, ಹೌದು-ಇಲ್ಲ ಚೌಕಗಳಿಂದ ತುಂಬಿವೆ. ರೋಗಿ ಮಾತಾಡುವುದು ಕನ್ನಡದಲ್ಲಿ, ಅದೂ ಅವರವರ ಊರಿನ ಕನ್ನಡದಲ್ಲಿ. ಎರಡರ ನಡುವೆ ಅರ್ಥ ಸೋರಿಹೋಗುತ್ತದೆ.

“ಅಲರ್ಜಿ ಇದೆಯಾ?” ಎಂದು ಕೇಳಿ ನೋಡಿ. “ಬದನೆಕಾಯಿ ನಂಜು ಸಿಸ್ಟರ್” ಎಂದು ಉತ್ತರ ಬರಬಹುದು, ಇಲ್ಲವೇ “ಅಂಥಾದ್ದೇನಿಲ್ಲ”. ನಂಜು ಎಂಬ ಮಾತಿನಲ್ಲಿ ಗಾಯ ಮಾಗದಿರುವುದು, ತುರಿಕೆ, ಪಥ್ಯ ಎಲ್ಲ ಸೇರಿಕೊಂಡಿದೆ. ಹೋದ ವರ್ಷ ಇಂಜೆಕ್ಷನ್ ಚುಚ್ಚಿದಾಗ ಮುಖ ಊದಿದ್ದು ಆ ಪ್ರಶ್ನೆಗೆ ಉತ್ತರವೆಂದು ರೋಗಿಗೆ ಹೊಳೆಯುವುದೇ ಇಲ್ಲ. ಕೇಳಬೇಕಾದದ್ದು ಹೀಗೆ: “ಯಾವುದಾದ್ರೂ ಮಾತ್ರೆ ನುಂಗಿದ್ಮೇಲೆ, ಇಂಜೆಕ್ಷನ್ ತಗೊಂಡ್ಮೇಲೆ ಮೈಮೇಲೆ ಗಂಧೆ ಎದ್ದಿತ್ತಾ? ತುಟಿ, ಕಣ್ಣು ಊದಿತ್ತಾ? ಉಸಿರು ಕಟ್ಟಿತ್ತಾ? ಈ ಔಷಧಿ ಇನ್ಮೇಲೆ ತಗೋಬೇಡಿ ಅಂತ ಯಾರಾದ್ರೂ ಡಾಕ್ಟರ್ ಹೇಳಿದ್ರಾ?” ಹೌದು ಎಂದರೆ ಯಾವ ಔಷಧಿ, ಏನಾಯಿತು, ಎಷ್ಟು ಹೊತ್ತಿಗೆ ಎಂದು ಮೂರನ್ನೂ ಬರೆಯಬೇಕು. ಬರೀ “ಪೆನಿಸಿಲಿನ್ ಅಲರ್ಜಿ” ಎಂದರೆ ಸಾಲದು. ಹೊಟ್ಟೆ ತೊಳಸಿದ್ದೂ ಅದೇ ಹೆಸರಲ್ಲಿ ದಾಖಲಾಗಿ, ಬೇಕಾದ ಔಷಧಿ ಜೀವಮಾನವಿಡೀ ಸಿಗದೆ ಹೋಗುತ್ತದೆ.

“ಮಾತ್ರೆ ದಿನಾ ತಗೋತೀರಾ?” ಇದೂ ಕೆಲಸಕ್ಕೆ ಬಾರದ ಪ್ರಶ್ನೆ. ಬೈಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಉತ್ತರ ಯಾವತ್ತೂ “ಹೂಂ”. “ಈ ವಾರ ಎಷ್ಟು ದಿನ ತಪ್ಪೋಯ್ತು?” ಎಂದು ಕೇಳಿದರೆ ತಪ್ಪುವುದು ಸಹಜವೆಂದು ನಾವೇ ಒಪ್ಪಿಕೊಂಡಂತೆ, ಆಗ ನಿಜ ಬರುತ್ತದೆ. ಮನೆಯವರು ತಂದ ಪ್ಲಾಸ್ಟಿಕ್ ಕವರನ್ನು ಹಾಸಿಗೆಯ ಮೇಲೆ ಸುರಿಸಿ, ಪ್ರತಿ ಸ್ಟ್ರಿಪ್ ಹಿಡಿದು ಇದು ಯಾವಾಗ, ಎಷ್ಟು ಎಂದು ಕೇಳಬೇಕು. ಅಲ್ಲಿ ಮೂರು ಸಂಗತಿ ಹುಡುಕಬೇಕು. ರಕ್ತ ತೆಳು ಮಾಡುವ ಮಾತ್ರೆ ಇದೆಯೇ, ಕೊನೆಯದು ನುಂಗಿದ್ದು ಯಾವತ್ತು. ಆಪರೇಷನ್ ಮುಂದಕ್ಕೆ ಹಾಕಬೇಕಾಗಬಹುದು. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಇದೆಯೇ; ಕಿಡ್ನಿಗೂ ಹೊಟ್ಟೆಯ ಹುಣ್ಣಿಗೂ ಅದೇ ಮೂಲವಿರಬಹುದು. ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಎರಡು ಸಲ ಹೋಗುತ್ತಿದೆಯೇ. ನಾಟಿ ಔಷಧಿಯ ಮಾತನ್ನು ಬೈಗುಳದ ದನಿಯಲ್ಲಿ ತೆಗೆದರೆ ಆ ಬಾಗಿಲು ಮುಚ್ಚಿತೆಂದೇ ತಿಳಿಯಿರಿ.

ಕುಡಿತದ ಪ್ರಶ್ನೆಯೂ ಹಾಗೆಯೇ. ಹೌದು-ಇಲ್ಲ ಚೌಕದಲ್ಲಿ ಅರ್ಧ ಊರೇ “ಇಲ್ಲ”. “ದಿನಕ್ಕೆ 90ರ ಪ್ಯಾಕೆಟ್ಟಾ, ಕ್ವಾರ್ಟರಾ? ಕೊನೇದು ಯಾವಾಗ ತಗೊಂಡ್ರಿ?” ಎಂದು ಮಾಮೂಲಿ ದನಿಯಲ್ಲಿ ಕೇಳಬೇಕು. ಕೊನೆಯದು ಯಾವಾಗ ಎಂಬುದೇ ಮುಖ್ಯ. ದಿನವೂ ಕುಡಿಯುವವರಲ್ಲಿ ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗುತ್ತದೆ, ಫಿಟ್ಸ್ ಬರಬಹುದು. 48ರಿಂದ 72 ಗಂಟೆಯ ಹೊತ್ತಿಗೆ ಬುದ್ಧಿ ಕಲಕಿ ಇಲ್ಲದ್ದೆಲ್ಲ ಕಾಣತೊಡಗುತ್ತದೆ. ಕಾಲು ಮುರಿದು ಸೇರಿದವರು ಮೂರನೇ ರಾತ್ರಿ ಡ್ರಿಪ್ ಕಿತ್ತು ಓಡಿದರೆ ವಾರ್ಡಿನಲ್ಲಿ “ಗಲಾಟೆ ಪೇಷೆಂಟ್” ಎನಿಸಿಕೊಳ್ಳುತ್ತಾರೆ, ಕೈಕಾಲು ಕಟ್ಟಿಹಾಕುತ್ತಾರೆ. ಮೊದಲ ದಿನವೇ ಆ ಒಂದು ಪ್ರಶ್ನೆ ಕೇಳಿ ಬರೆದಿದ್ದರೆ ವೈದ್ಯರು ಮೊದಲೇ ಔಷಧಿ ಬರೆಯುತ್ತಿದ್ದರು.

ರೋಗಿಯ ಮೊದಲ ಮಾತನ್ನು ಅವರದೇ ಶಬ್ದಗಳಲ್ಲಿ, ಕನ್ನಡದಲ್ಲೇ ಬರೆಯಲು ನಮೂನೆಯಲ್ಲಿ ನಾಲ್ಕು ಖಾಲಿ ಸಾಲು ಕೊಡಿ. “ಏನು ತೊಂದರೆಯಾಗಿ ಬಂದ್ರಿ?” ಎಂದು ಕೇಳಿ ಒಂದು ನಿಮಿಷ ಬಾಯಿ ಹಾಕದೆ ಕೇಳಿಸಿಕೊಂಡದ್ದು ಅಲ್ಲಿರಲಿ. “ಗ್ಯಾಸ್ಟ್ರಿಕ್” ಎಂದು ರೋಗಿ ಹೇಳಿದ್ದು ಕೇಸ್ ಶೀಟಿನಲ್ಲಿ “ಗ್ಯಾಸ್ಟ್ರೈಟಿಸ್” ಎಂದು ಕಾಯಿಲೆಯಾಗಿ ಬಡ್ತಿ ಪಡೆಯುವುದು ದಿನನಿತ್ಯದ ಅಪಾಯ. ನಲವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆಯವರು, ಎದೆಯುರಿ, ಸಂಕಟ, “ಎದೆ ಹಿಡ್ಕೊಂಡಂಗಾಗುತ್ತೆ”, ಮೈಯೆಲ್ಲ ಬೆವರು ಎಂದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಆಮೇಲೆ ಅದು ಗ್ಯಾಸೇ ಆಗಿರಲಿ, ಸಂತೋಷ. “ಸುಸ್ತು” ಎಂಬುದು ಇನ್ನೊಂದು ಮಾಯಾ ಶಬ್ದ. ಮೆಟ್ಟಿಲು ಹತ್ತುವಾಗ ದಮ್ಮು ಬರುವುದೋ, ಎದ್ದು ನಿಂತರೆ ಕಣ್ಣು ಕತ್ತಲೆಯೋ, ಕೈಕಾಲಿನಲ್ಲಿ ಬಲವಿಲ್ಲವೋ, ಯಾವುದರಲ್ಲೂ ಮನಸ್ಸಿಲ್ಲವೋ, ಬಿಡಿಸಿ ಕೇಳದೆ ತಿಳಿಯದು. ಮಂಡ್ಯದವರ ಸಂಕಟ, ವಿಜಯಪುರದವರ ತ್ರಾಸ, ಬ್ಯಾನಿ ಒಂದೇ ಅಲ್ಲ. ಎಷ್ಟೋ ಶುಶ್ರೂಷಾಧಿಕಾರಿಗಳ ಮನೆಮಾತು ಮಲಯಾಳ; ಕಲಬುರಗಿಯ ರೋಗಿಯ ಮಾತು ಉರ್ದುವೋ ತೆಲುಗೋ ಆಗಿರಬಹುದು, ಮಂಗಳೂರಿನವರದು ತುಳು, ಬ್ಯಾರಿ, ಕೊಂಕಣಿ. ಇದು ಯಾರ ತಪ್ಪೂ ಅಲ್ಲ. ಆದರೆ ರೋಗಲಕ್ಷಣಗಳ ಇನ್ನೂರು ಮಾತುಗಳ ಒಂದು ಪ್ರಾದೇಶಿಕ ಪಟ್ಟಿ ಪ್ರತಿ ವಾರ್ಡಿನಲ್ಲಿ ಇಲ್ಲದಿರುವುದು ತಪ್ಪು. ಒಂದು ಅಧ್ಯಯನ ಸಮಿತಿಯೂ ಬೇಡ, ವಿಭಾಗಕ್ಕೆ ನಾಲ್ಕು ಹಿರಿಯ ಸಿಸ್ಟರ್‌ಗಳನ್ನು ಎರಡು ದಿನ ಕೂರಿಸಿ, ಸಾಕು.

ನೋವಿನ ಅಳತೆಯಲ್ಲಿ ನಮ್ಮ ಮಾತಿನ ಬಲ ಚೆನ್ನಾಗಿ ಕಾಣುತ್ತದೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದರೆ ಅರವತ್ತು ದಾಟಿದ ಹಳ್ಳಿಯವರು ಸುಮ್ಮನೆ ಮುಖ ನೋಡುತ್ತಾರೆ. “ರೂಪಾಯಿಗೆ ಎಷ್ಟಾಣೆ ನೋವಿದೆ ಅಜ್ಜೀ?” ಎಂದರೆ “ಹನ್ನೆರಡಾಣೆ ಐತಪ್ಪ” ಎಂದು ಒಂದೇ ಉಸಿರಿಗೆ ಬರುತ್ತದೆ. ಮಾತ್ರೆ ಕೊಟ್ಟು ಗಂಟೆಯ ನಂತರ ಅದೇ ಪ್ರಶ್ನೆ ಕೇಳಿದರೆ “ನಾಲ್ಕಾಣೆಗೆ ಇಳೀತು”. ಹನ್ನೆರಡಾಣೆಯನ್ನು ಹತ್ತಕ್ಕೆ ಏಳೂವರೆ ಎಂದು ಬರೆದುಕೊಳ್ಳುವುದು ನಮ್ಮ ಕೆಲಸ. ಹೊಸ ತಲೆಮಾರಿಗೆ ಆಣೆ ಗೊತ್ತಿಲ್ಲ, ಅವರಿಗೆ ಹತ್ತರ ಲೆಕ್ಕವೇ ಸರಿ, ಮಕ್ಕಳಿಗೆ ಮುಖಗಳ ಚಿತ್ರ. ದಿನಗಳ ಲೆಕ್ಕವೂ ಹೀಗೆ: “ಎಷ್ಟು ದಿನದಿಂದ?” ಎಂದರೆ “ಬಾಳ ದಿನ ಆತು”. ಹಬ್ಬ, ಅಮಾವಾಸ್ಯೆ, ಸಂತೆಯ ವಾರ ಹಿಡಿದು ಕೇಳಿದರೆ ತಾರೀಖು ಸಿಗುತ್ತದೆ. ಗೋಡೆಯ ಮೇಲೆ ಕನ್ನಡ ಪಂಚಾಂಗದ ಕ್ಯಾಲೆಂಡರ್ ಇರಲಿ, ಔಷಧಿ ಕಂಪನಿಯ ಕ್ಯಾಲೆಂಡರ್ ಸಾಲದು.

ಮರೆ ಇಲ್ಲದೆ ಇದೆಲ್ಲ ಆಗದು. ಮುಟ್ಟು, ಬಿಳಿ ಹೋಗುವುದು, ಉರಿಮೂತ್ರ, ಗರ್ಭ ನಿಂತದ್ದು-ಇಳಿದದ್ದು ಇವನ್ನು ಅತ್ತೆ, ಗಂಡ, ಪಕ್ಕದ ಹಾಸಿಗೆಯವರ ಎದುರು ಕೇಳಿ ಬರೆದ ಉತ್ತರಕ್ಕೆ ಬೆಲೆಯಿಲ್ಲ. ಹದಿನೆಂಟರ ಹುಡುಗಿಗೆ ಹೊಟ್ಟೆನೋವು ಎಂದರೆ, ಕೊನೆಯ ಬಾರಿ ಹೊರಗಾದದ್ದು ಯಾವಾಗ ಎಂಬುದನ್ನು ತಾಯಿಯನ್ನೂ ಹೊರಗೆ ಕಳಿಸಿ ಕೇಳಬೇಕು. ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತ ಗರ್ಭ ಒಡೆದರೆ ಜೀವ ಉಳಿಸಲು ಗಂಟೆಗಳ ಲೆಕ್ಕ. “ಎಲ್ಲರನ್ನೂ ಐದು ನಿಮಿಷ ಹೊರಗೆ ಕಳಿಸೋದು ಇಲ್ಲಿನ ರೂಲು” ಎಂದು ಬೋರ್ಡೇ ಇದ್ದರೆ ಸಿಸ್ಟರ್ ಯಾರೊಂದಿಗೂ ಜಗಳವಾಡಬೇಕಿಲ್ಲ. ಮೈಮೇಲಿನ ಹಳೆಯ, ಹೊಸ ಬಾಸುಂಡೆಗಳ ಬಗ್ಗೆ ಕೇಳಲೂ ಆ ಐದು ನಿಮಿಷವೇ ಬೇಕು. ಎರಡು ಹಾಸಿಗೆಗೆ ಒಂದು ಗಾಲಿಯಿರುವ ಪರದೆ ದೊಡ್ಡ ಖರ್ಚಲ್ಲ.

ಹಾಗೆಂದು ಮನೆಯವರನ್ನು ಪೂರ್ತಿ ದೂರ ಇಡುವಂತೆಯೂ ಇಲ್ಲ. ವಯಸ್ಸಾದವರು ಸುಮ್ಮನೆ ಮಲಗಿದ್ದರೆ “ಅಜ್ಜಿ ತೊಂದರೆ ಕೊಡಲ್ಲ” ಎಂದು ನಾವು ಸಮಾಧಾನಪಡುತ್ತೇವೆ. ಸೋಂಕಿನಿಂದ, ಸೋಡಿಯಂ ಇಳಿದು ಬುದ್ಧಿ ಮಂಕಾಗಿರುವುದೂ ಹೀಗೇ ಕಾಣುತ್ತದೆ. “ಮನೇಲಿ ಹೀಗೇ ಇರ್ತಿದ್ರಾ? ನಿನ್ನೆ ಮೊನ್ನೆ ಮಾತು ಸರಿಯಿತ್ತಾ?” ಎಂದು ಮಗಳನ್ನು ಕೇಳದೆ ಗೊತ್ತಾಗದು. ಹೊಸದಾಗಿ ಬಂದ ಗೊಂದಲಕ್ಕೆ ನ್ಯೂಸ್-2ರಲ್ಲಿ ನೇರ 3 ಅಂಕ.

ಕೈಯಿಂದ, ಕಣ್ಣಿಂದ ಮಾಡುವ ತಪಾಸಣೆಯಲ್ಲಿ ತಪ್ಪುವುದು ಹೆಚ್ಚಾಗಿ ಉಪಕರಣದಿಂದ. ಬಿಪಿ ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟು ಉದ್ದ, ಶೇ. 40ರಷ್ಟು ಅಗಲ ಇರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಬರುತ್ತದೆ, ಸಣಕಲು ತೋಳಿಗೆ ದೊಡ್ಡದನ್ನು ಸುತ್ತಿದರೆ ಇರುವ ಬಿಪಿ ಮರೆಯಾಗುತ್ತದೆ. ವಾರ್ಡಿನಲ್ಲಿ ಇರುವುದು ಒಂದೇ ಅಳತೆ, ಅದರ ವೆಲ್ಕ್ರೋ ಹೋಗಿ ಪ್ಲಾಸ್ಟರ್ ಅಂಟಿಸಿರುತ್ತದೆ. ಮೂರು ಅಳತೆ ಕೊಡಿ, ವರ್ಷಕ್ಕೊಮ್ಮೆ ಯಂತ್ರಗಳನ್ನು ಸರಿನೋಡಿಸಿ. ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು, ತೋಳು ಎದೆಯ ಮಟ್ಟಕ್ಕಿರಬೇಕು, ರವಿಕೆಯ ತೋಳಿನ ಮೇಲೆ ಪಟ್ಟಿ ಕಟ್ಟಬಾರದು, ಅಳೆಯುವಾಗ ಮಾತಾಡಿಸಬಾರದು. ಆಮ್ಲಜನಕ ನೋಡುವ ಕ್ಲಿಪ್ಪಿಗೆ ಉಗುರಿನ ಗಾಢ ಬಣ್ಣವೂ ತಣ್ಣಗಿನ ಬೆರಳೂ ಆಗದು. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಕೊಂಚ ಹೆಚ್ಚು ತೋರಿಸುವುದುಂಟು. ಆದ್ದರಿಂದ ಪರವಾಗಿಲ್ಲ ಎನ್ನುವಂಥ ಅಂಕಿ ತೋರಿಸಿದರೂ ರೋಗಿ ಏದುಸಿರು ಬಿಡುತ್ತಿದ್ದರೆ ಯಂತ್ರವನ್ನಲ್ಲ, ರೋಗಿಯನ್ನು ನಂಬಬೇಕು.

ಬೆನ್ನು ನೋಡದ ತಪಾಸಣೆ ತಪಾಸಣೆಯಲ್ಲ. ಶ್ವಾಸಕೋಶದ ಬುಡದ ಸದ್ದು ಕೇಳುವುದು ಬೆನ್ನ ಕಡೆಯಿಂದ, ಬಟ್ಟೆ ಸರಿಸಿ. ಹಾಗೆ ಕೂರಿಸಿದಾಗಲೇ ಸೊಂಟದ ಕೆಳಗಿನ ಮೂಳೆಯ ಮೇಲೆ ಕೆಂಪಗಾಗಿದೆಯೇ ಎಂದು ನೋಡಿ, ಬೆರಳಿನಿಂದ ಒತ್ತಬೇಕು. ಒತ್ತಿದರೂ ಬಿಳಿಚದ ಕೆಂಪು ಎಂದರೆ ಹಾಸಿಗೆ ಹುಣ್ಣು ಆಗಲೇ ಶುರುವಾಗಿದೆ. ಮೊದಲ ದಿನ ಬರೆಯದಿದ್ದರೆ ಐದನೇ ದಿನ ಅದು ಆಸ್ಪತ್ರೆಯಲ್ಲೇ ಆದದ್ದು ಎನಿಸುತ್ತದೆ, ಬೈಸಿಕೊಳ್ಳುವವರು ಆ ದಿನದ ಪಾಳಿಯವರು. ಸಕ್ಕರೆ ಕಾಯಿಲೆಯವರ ಕಾಲ್ಬೆರಳ ಸಂದು, ಹಿಮ್ಮಡಿಯ ಬಿರುಕು ನೋಡಬೇಕು. ಕಾಲು, ಕೈ ಊದುವ ಸೂಚನೆಯಿದ್ದರೆ ಬಳೆ, ಉಂಗುರ, ಕಾಲುಂಗುರವನ್ನು ಮನೆಯವರೆದುರು ತೆಗೆಸಿ ಅವರ ಕೈಗೇ ಕೊಡಬೇಕು. ತೂಕವನ್ನು ಕಣ್ಣಳತೆಯಲ್ಲಿ ಬರೆಯಬಾರದು, ಮಕ್ಕಳದ್ದಂತೂ ಎಂದಿಗೂ ಅಲ್ಲ. ಔಷಧಿಯ ಪ್ರಮಾಣ ನಿಂತಿರುವುದೇ ಅದರ ಮೇಲೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಆ ಟೇಪಿನ ಬೆಲೆ ಎಷ್ಟು ಎಂದು ಉಗ್ರಾಣದಲ್ಲಿ ಕೇಳಿ ನೋಡಿ.

ನಮೂನೆಯಲ್ಲಿ ಆಯಾ ಜಿಲ್ಲೆಗೆಂದೇ ಒಂದು ಚೌಕ ಬೇಕು ಎಂಬುದು ನಮ್ಮ ಹಟ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಇಂದಿಗೂ ಮಲೆನಾಡಿನಲ್ಲಿ ಬೇಸಿಗೆಯ ಜ್ವರಕ್ಕೆ “ಕಾಡಿಗೆ ಹೋಗಿದ್ರಾ, ದರಗು (ಒಣ ಎಲೆ) ತಂದ್ರಾ, ಉಣುಗು ಕಚ್ಚಿತ್ತಾ, ಸತ್ತ ಮಂಗ ಕಂಡಿತ್ತಾ?” ಎಂಬುದು ಮೊದಲ ಸಾಲಿನ ಪ್ರಶ್ನೆ. ಕರಾವಳಿಯ ಮಳೆಗಾಲದಲ್ಲಿ ಗದ್ದೆಗಿಳಿದದ್ದು, ಮೀನಖಂಡದ ನೋವು, ಕೆಂಪು ಕಣ್ಣು ಸೇರಿದರೆ ಇಲಿ ಜ್ವರ ನೆನಪಾಗಬೇಕು. ಚಾಮರಾಜನಗರ, ಮೈಸೂರಿನ ಸೋಲಿಗ, ಜೇನುಕುರುಬ ಹಾಡಿಗಳಿಂದ ಬಂದವರ ಕೈಕಾಲು ನೋವು, ರಕ್ತಹೀನತೆಯಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ವಂಶದಲ್ಲಿ ಬರುವ ಕಾಯಿಲೆ) ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು. ಊರೂರಿಗೂ ಒಂದೇ ಅಚ್ಚಿನ ನಮೂನೆ ಇದನ್ನೆಲ್ಲ ಕೇಳುವುದಿಲ್ಲ.

ಹಾವು ಕಡಿತ ಮಾತ್ರ ಎಲ್ಲ ಜಿಲ್ಲೆಗೂ ಸೇರಿದ್ದು. 2024ರಲ್ಲಿ ಸರ್ಕಾರವೇ ಅದನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ, ಆದರೆ ವಾರ್ಡಿನ ತಪಾಸಣೆ ಹಾಳೆ ಬದಲಾಗಲಿಲ್ಲ. ಬೇಕಾದದ್ದು ಇಷ್ಟು: ಕಚ್ಚಿದ ಗಂಟೆ, ಕಟ್ಟು ಕಟ್ಟಿದ್ದರೇ, ಬರುವ ಮುಂಚೆ ಎಲ್ಲೆಲ್ಲಿ ಹೋಗಿದ್ದರು. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲೇ ಗಂಟೆ ಬರೆಯಬೇಕು, ಊತ ಏರುವುದು ಆಗಲೇ ಕಾಣುವುದು. ರೆಪ್ಪೆ ಇಳಿಬೀಳುತ್ತಿದೆಯೇ ನೋಡಿ, ಒಂದೇ ಉಸಿರಿನಲ್ಲಿ ಒಂದು, ಎರಡು ಎಂದು ಎಣಿಸಲು ಹೇಳಬೇಕು. ಮೊದಲು ಇಪ್ಪತ್ತರವರೆಗೆ ಹೋದವರು ಆಮೇಲೆ ಹನ್ನೆರಡಕ್ಕೆ ನಿಂತರೆ ಉಸಿರಿನ ಸ್ನಾಯು ಸೋಲುತ್ತಿದೆ ಎಂದರ್ಥ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡಲು ಹೊಸದಾದ, ಒಣಗಿದ ಗಾಜಿನ ಕೊಳವೆಯಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ವಾಲಿಸಬೇಕು. ಸೋಪುಪುಡಿಯಲ್ಲಿ ತೊಳೆದ ಕೊಳವೆಯಲ್ಲಿ, ಪ್ಲಾಸ್ಟಿಕ್ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದೆ ಮೋಸ ಮಾಡಬಹುದು. ಗಾಜಿನ ಹೊಸ ಕೊಳವೆ ಇಂಡೆಂಟಿನಲ್ಲಿ (ಉಗ್ರಾಣಕ್ಕೆ ಕೊಡುವ ಬೇಡಿಕೆ ಪಟ್ಟಿ) ಹಾಕಿದರೂ ಬರುವುದಿಲ್ಲ ಎಂಬುದು ನಮ್ಮ ಸಾಮಾನ್ಯ ಗೋಳು.

ಪ್ರಾಂಶುಪಾಲರಿಗೆ ಒಂದು ಮಾತು. ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಆರೋಗ್ಯ ತಪಾಸಣೆಗೇ ಒಂದು ಮಾಡ್ಯೂಲ್ ಇದೆ. ವಿದ್ಯಾರ್ಥಿಗಳು ಮೂವತ್ತು ಪುಟದ ಕೇಸ್ ಸ್ಟಡಿ ಬರೆಯುತ್ತಾರೆ, ಬಣ್ಣದ ಪೆನ್ನಿನಲ್ಲಿ ಹೃದಯದ ಚಿತ್ರವನ್ನೂ ಬಿಡಿಸುತ್ತಾರೆ. ಆದರೆ ಅದೇ ರೋಗಿಯ ಉಸಿರನ್ನು ಸೀನಿಯರ್ ಪುಸ್ತಕದಿಂದ ನಕಲು ಮಾಡಿರುತ್ತಾರೆ. ಅದರ ಬದಲು, ಬೋಧಕರು ಪಕ್ಕದಲ್ಲಿ ನಿಂತು, ವಿದ್ಯಾರ್ಥಿ ಎಣಿಸಿದ್ದನ್ನು ತಾವೂ ಅದೇ ನಿಮಿಷದಲ್ಲಿ ಎಣಿಸಿ ಹೋಲಿಸಲಿ. ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಾಡಿಸಲಿ. ಮೂವತ್ತು ಪುಟ ಎರಡಕ್ಕೆ ಇಳಿಯಲಿ.

ಕೊನೆಯದಾಗಿ, ಅಳೆದದ್ದು ಯಾರಿಗೂ ತಲುಪದಿದ್ದರೆ ಅಳೆಯುವುದೂ ನಿಂತುಹೋಗುತ್ತದೆ. ನ್ಯೂಸ್-2ರ ಒಟ್ಟು ಅಂಕ 5 ಆದರೆ ಡ್ಯೂಟಿ ಡಾಕ್ಟರ್ ಎಷ್ಟು ನಿಮಿಷದೊಳಗೆ ಬರಬೇಕು, ಬರದಿದ್ದರೆ ಮುಂದೆ ಯಾರಿಗೆ ಫೋನ್ ಮಾಡಬೇಕು ಎಂದು ಲಿಖಿತ ಆದೇಶ ಹೊರಡಿಸಿ. ರಾತ್ರಿ ಮೂರಕ್ಕೆ ಎಬ್ಬಿಸಿದ್ದಕ್ಕೆ ಬೈಯುವಂತಿಲ್ಲ ಎಂದೂ ಅದರಲ್ಲಿ ಸೇರಿಸಿ. ನಗಬೇಡಿ, ಇದು ಬೇಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಓವರ್ (ಪಾಳಿ ಬದಲಾಗುವಾಗ ಮುಂದಿನವರಿಗೆ ರೋಗಿಗಳ ವಿವರ ಒಪ್ಪಿಸುವುದು) ಮೇಜಿನ ಬಳಿಯಲ್ಲ, ಹಾಸಿಗೆಯ ಪಕ್ಕದಲ್ಲಿ ನಡೆಯಲಿ. ಕಂಪ್ಯೂಟರಿನಲ್ಲಿ ನಮೂನೆ ತುಂಬುವ ಕಡೆ ಯಾವ ಅಂಕಿಯೂ ಮೊದಲೇ ತುಂಬಿರಬಾರದು, ನಿನ್ನೆಯದನ್ನು ಇವತ್ತಿಗೆ ನಕಲಿಸುವ ಗುಂಡಿ ಇರಬಾರದು. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನಿಂದ ತಪಾಸಣೆಗೆ ಬರುವವರು ಎಲ್ಲ ಚೌಕ ತುಂಬಿದೆಯೇ ಎಂದು ನೋಡುವ ಬದಲು, ಒಂದು ಹಾಳೆ ಹಿಡಿದು ರೋಗಿಯ ಬಳಿ ಹೋಗಿ ಗಡಿಯಾರ ನೋಡುತ್ತ ಒಂದು ನಿಮಿಷ ಉಸಿರೆಣಿಸಲಿ.

ಎರಡು ಪುಟದ ಕನ್ನಡ ನಮೂನೆಯ ಕರಡನ್ನು ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ. ಒಂದು ಜಿಲ್ಲಾ ಆಸ್ಪತ್ರೆಯ ಒಂದು ಮೆಡಿಕಲ್ ವಾರ್ಡಿನಲ್ಲಿ ಮೂರು ತಿಂಗಳು ಬಳಸಿ ನೋಡಲು ಅನುಮತಿ ಕೊಡಿ. ಜೊತೆಗೆ ಮೂರು ಅಳತೆಯ ಬಿಪಿ ಪಟ್ಟಿ, ನಾಲ್ಕು ಪರದೆ, ಸೆಲ್ ಹಾಕಿದ ಎರಡು ಗಡಿಯಾರ.

ಇಂತಿ,
ವಾರ್ಡುಗಳಲ್ಲಿ ಕೆಲಸ ಮಾಡುವ ಶುಶ್ರೂಷಾಧಿಕಾರಿಗಳು ಮತ್ತು ನರ್ಸಿಂಗ್ ಬೋಧಕರು